ಮೊದಲು ಸೆನ್ಸೆಕ್ಸ್, ಕೊನೆಗೆ ಸಂಬಳ: 2008ರ ಬಿಕ್ಕಟ್ಟಿನ ನಂತರದ ಮುನ್ನೋಟಗಳು

ಅರ್ಥಶಾಸ್ತ್ರ ತರಗತಿಯಲ್ಲಿ ಸೆಮಿನಾರ್ ವಿಷಯಗಳನ್ನು ಚೀಟಿ ಎತ್ತಿ ಹಂಚಿದಾಗ ನನ್ನ ಕೈಗೆ ಬಂದದ್ದು "2008ರ ಜಾಗತಿಕ ಹಣಕಾಸು ಬಿಕ್ಕಟ್ಟು ಮತ್ತು ನಂತರದ ಆರ್ಥಿಕ ಮುನ್ನೋಟ". ಪಕ್ಕದಲ್ಲಿದ್ದವರಿಗೆ ಜಿಎಸ್‌ಟಿ ಬಂದಿತ್ತು. ಬದಲಾಯಿಸಿಕೊಳ್ಳೋಣವೇ ಎಂದು ಕೇಳಿಯೂ ನೋಡಿದೆ, ಅವರು ಒಪ್ಪಲಿಲ್ಲ. ನಾನು ಹುಟ್ಟಿದ್ದೇ 2008ರ ಮಾರ್ಚ್‌ನಲ್ಲಿ. ಆ ಬಿಕ್ಕಟ್ಟು ನನಗೆ ಪಠ್ಯಪುಸ್ತಕದ ಇತಿಹಾಸದಷ್ಟೇ ದೂರ ಎಂದುಕೊಂಡಿದ್ದೆ.

ರಾತ್ರಿ ಮನೆಯಲ್ಲಿ ಟಿಪ್ಪಣಿ ಬರೆಯುತ್ತಿದ್ದಾಗ ಅಬ್ಬಾ ಏನು ಓದುತ್ತಿದ್ದೀಯ ಎಂದು ಕೇಳಿದರು. (ತರಗತಿಯಲ್ಲಿ ಈ ಪದ ಬಂದಾಗಲೆಲ್ಲ ಗೆಳೆಯರು ನಗುತ್ತಾರೆ. ಕನ್ನಡದಲ್ಲಿ ಅದು ಆಶ್ಚರ್ಯ, ನಮ್ಮ ಮನೆಯಲ್ಲಿ ತಂದೆ.) ವಿಷಯ ಹೇಳಿದೆ. "ಯೇ ತೋ ಮೇರಾ ಕಿಸ್ಸಾ ಹೈ ಬೇಟಾ" ಎಂದರು. ಇದು ನನ್ನದೇ ಕಥೆ ಅಲ್ಲವೇ ಎಂದು. ಅವರು ದುಬೈನಲ್ಲಿ ಎಸಿ ಟೆಕ್ನಿಶಿಯನ್ ಆಗಿದ್ದರು, ನಂತರ ಊರಿಗೆ ಬಂದು ಅಂಗಡಿ ಹಾಕಿದರು ಎನ್ನುವುದು ಗೊತ್ತಿತ್ತು. ಯಾಕೆ ಬಂದರು, ಬಂದ ಮೇಲೆ ಎರಡು ವರ್ಷ ಏನು ಮಾಡಿದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಸೆಮಿನಾರ್ ಹತ್ತು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಕ್ಕಟ್ಟು ಏನು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಕಾಲದ ಬ್ಯಾಂಕ್ ಮನೆ ಸಾಲ ಕೊಟ್ಟರೆ ಇಪ್ಪತ್ತು ವರ್ಷ ಆ ಸಾಲವನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿತ್ತು. ಸಾಲಗಾರ ಕಂತು ಕಟ್ಟದಿದ್ದರೆ ನಷ್ಟ ಬ್ಯಾಂಕಿನದೇ. ಹಾಗಾಗಿ ಕೊಡುವ ಮೊದಲು ಅವನ ಸಂಬಳ, ಜಾಮೀನು ಎಲ್ಲವನ್ನೂ ನೋಡುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ಬದಲಾಯಿತು. ಸಾವಿರಾರು ಮನೆ ಸಾಲಗಳನ್ನು ಒಟ್ಟಿಗೆ ಕಟ್ಟಿ, ಆ ಕಟ್ಟನ್ನು ಬಾಂಡ್‌ಗಳಾಗಿ ಮಾಡಿ ಹೂಡಿಕೆದಾರರಿಗೆ ಮಾರತೊಡಗಿದರು. ಸಾಲ ಕೊಟ್ಟವನ ಕೈಯಿಂದ ಸಾಲ ದಾಟಿ ಹೋದ ಮೇಲೆ ಸಾಲಗಾರ ಕಟ್ಟುತ್ತಾನೋ ಬಿಡುತ್ತಾನೋ ಎಂಬ ಚಿಂತೆ ಅವನಿಗೇಕೆ? ಮರುಪಾವತಿಯ ಶಕ್ತಿ ಕಡಿಮೆ ಇರುವವರಿಗೂ ಸಾಲ ಕೊಟ್ಟರು. ಅದೇ ಸಬ್‌ಪ್ರೈಮ್. ರೇಟಿಂಗ್ ಸಂಸ್ಥೆಗಳು ಇಂಥ ಕಟ್ಟುಗಳಲ್ಲಿ ಬಹಳಷ್ಟಕ್ಕೆ ಅತ್ಯುತ್ತಮ ದರ್ಜೆಯಾದ ಎಎಎ ಕೊಟ್ಟವು. ಮನೆಗಳ ಬೆಲೆ ಏರುತ್ತಿರುವವರೆಗೆ ಎಲ್ಲವೂ ಸರಿಯಾಗಿತ್ತು. 2006ರ ನಂತರ ಬೆಲೆ ಇಳಿಯಿತು, ಕಂತುಗಳು ನಿಂತವು, ಕಟ್ಟುಗಳ ಬೆಲೆ ಎಷ್ಟು ಎಂದು ಯಾರಿಗೂ ತಿಳಿಯದಾಯಿತು. 2008ರ ಸೆಪ್ಟೆಂಬರ್ 15ರಂದು 158 ವರ್ಷ ಹಳೆಯ ಲೀಮನ್ ಬ್ರದರ್ಸ್ 600 ಬಿಲಿಯನ್ ಡಾಲರ್‌ಗೂ ಹೆಚ್ಚು ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಮರುದಿನದಿಂದ ಒಂದು ಬ್ಯಾಂಕ್ ಇನ್ನೊಂದನ್ನು ನಂಬಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಕೊಡುವ ಸಾಲವೂ ನಿಂತಿತು.

ಇದನ್ನು ಯಾರೂ ಮುಂಚೆಯೇ ಊಹಿಸಿರಲಿಲ್ಲವೇ? ಊಹಿಸಿದವರು ಇದ್ದರು. ಆಗ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ರಘುರಾಮ್ ರಾಜನ್ 2005ರಲ್ಲೇ ಅಮೆರಿಕದ ಜಾಕ್ಸನ್ ಹೋಲ್ ಸಮ್ಮೇಳನದಲ್ಲಿ ಹಣಕಾಸು ವ್ಯವಸ್ಥೆಯಲ್ಲಿ ಅಪಾಯ ಬೆಳೆಯುತ್ತಿದೆ ಎಂದು ಪ್ರಬಂಧ ಮಂಡಿಸಿದ್ದರು. ಅಲ್ಲಿದ್ದ ದೊಡ್ಡವರಿಗೆ ಅದು ಹಿಡಿಸಲಿಲ್ಲ. 2008ರ ನವೆಂಬರ್‌ನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಂದ ಬ್ರಿಟನ್ನಿನ ರಾಣಿ, ಇಷ್ಟು ದೊಡ್ಡದು ಬರುತ್ತಿರುವುದು ಯಾರಿಗೂ ಕಾಣಲಿಲ್ಲವೇ ಎಂದು ಕೇಳಿದರಂತೆ. ಅಲ್ಲಿನ ವಿದ್ವಾಂಸರು ಮರುವರ್ಷ ಪತ್ರ ಬರೆದು ಅದಕ್ಕೆ ಉತ್ತರ ಕೊಟ್ಟರು. ಸೆಮಿನಾರ್‌ನಲ್ಲಿ ಈ ಭಾಗಕ್ಕೆ ಎಲ್ಲರೂ ನಕ್ಕರು.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಿಕ್ಕಟ್ಟು ಬಂದ ನಂತರದ ಅಂದಾಜುಗಳು. 2009ರಲ್ಲಿ ಜಗತ್ತಿನ ಆರ್ಥಿಕತೆ ಎಷ್ಟು ಬೆಳೆಯಬಹುದು? 2008ರ ಅಕ್ಟೋಬರ್‌ನಲ್ಲಿ, ಅಂದರೆ ಲೀಮನ್ ಬಿದ್ದ ಮೇಲೆ, ಐಎಂಎಫ್ ಹೇಳಿದ್ದು ಶೇ. 3. ನವೆಂಬರ್‌ನಲ್ಲಿ ಅದನ್ನು ಶೇ. 2.2ಕ್ಕೆ ಇಳಿಸಿತು. ಜನವರಿಯಲ್ಲಿ ಶೇ. 0.5. ಏಪ್ರಿಲ್‌ನಲ್ಲಿ ಬೆಳವಣಿಗೆಯೇ ಇಲ್ಲ, ಶೇ. 1.3ರಷ್ಟು ಕುಸಿಯುತ್ತದೆ ಎಂದಿತು. ಆರು ತಿಂಗಳಲ್ಲಿ ನಾಲ್ಕು ಅಂದಾಜು. ಕೊನೆಗೆ ನಡೆದದ್ದು ಏಪ್ರಿಲ್‌ನ ಹೆದರಿಕೆಯಷ್ಟು ಕೆಟ್ಟದಾಗಿರಲಿಲ್ಲ, ಐಎಂಎಫ್‌ನ ನಂತರದ ಲೆಕ್ಕದಲ್ಲಿ ಅದು ಶೂನ್ಯಕ್ಕಿಂತ ತುಸು ಕೆಳಗೆ ನಿಂತಿತು. ಭಾರತದ ಬಗ್ಗೆ ಏಪ್ರಿಲ್‌ನಲ್ಲಿ ಹೇಳಿದ್ದು ಶೇ. 4.5. 2009-10ರಲ್ಲಿ ನಮ್ಮ ಬೆಳವಣಿಗೆ ಶೇ. 8ರ ಆಸುಪಾಸಿನಲ್ಲಿತ್ತು. ಬಿಕ್ಕಟ್ಟಿನ ಮೊದಲು ಅತಿ ಆಶಾವಾದ, ನಂತರ ಅತಿ ಭಯ. ಪರೀಕ್ಷೆಯ ಹಿಂದಿನ ದಿನ ಮತ್ತು ಪ್ರಶ್ನೆಪತ್ರಿಕೆ ಕೈಗೆ ಬಂದ ಮೊದಲ ಐದು ನಿಮಿಷದಲ್ಲಿ ನಮ್ಮದೂ ಇದೇ ಕಥೆ.

ಇನ್ನೊಂದು ವಿಚಿತ್ರ. ಮುಂದಿನದು ಮಾತ್ರವಲ್ಲ, ಹಿಂದಿನದೂ ಬದಲಾಗುತ್ತದೆ. 2008-09ರಲ್ಲಿ ಭಾರತ ಶೇ. 6.7ರಷ್ಟು ಬೆಳೆಯಿತು ಎಂದು ಹಳೆಯ ಪುಸ್ತಕಗಳಲ್ಲಿದೆ. ಮೂಲ ವರ್ಷ ಬದಲಾದ ನಂತರ 2018ರಲ್ಲಿ ಸರ್ಕಾರ ಹಳೆಯ ವರ್ಷಗಳನ್ನು ಮತ್ತೆ ಲೆಕ್ಕ ಹಾಕಿದಾಗ ಅದೇ ವರ್ಷದ ಅಂಕಿ ಶೇ. 3.1 ಆಯಿತು. ಹತ್ತು ವರ್ಷದ ನಂತರ ತಿಳಿದದ್ದು ಏನೆಂದರೆ, ಆಗ ಪೆಟ್ಟು ನಾವು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಿದ್ದಿತ್ತು. ಈ ವಿಷಯವನ್ನು ಅಬ್ಬಾಗೆ ಹೇಳಿದಾಗ, "ನಮಗೆ ಆಗಲೇ ಗೊತ್ತಿತ್ತು" ಎಂದರು.

ಭಾರತಕ್ಕೆ ಪೆಟ್ಟು ಬಿದ್ದದ್ದು ಹೇಗೆ ಎನ್ನುವುದನ್ನೂ ನೋಡಬೇಕು. ನಮ್ಮ ಬ್ಯಾಂಕುಗಳ ಬಳಿ ಆ ಸಬ್‌ಪ್ರೈಮ್ ಕಟ್ಟುಗಳು ಹೆಚ್ಚು ಇರಲಿಲ್ಲ. ವೈ.ವಿ. ರೆಡ್ಡಿ ಗವರ್ನರ್ ಆಗಿದ್ದ ಕಾಲದಲ್ಲಿ ರಿಸರ್ವ್ ಬ್ಯಾಂಕ್ ರಿಯಲ್ ಎಸ್ಟೇಟ್ ಸಾಲದ ಮೇಲೆ ಬಿಗಿಯಾಗಿತ್ತು. ಹಾಗಾಗಿ ನಮಗೇನೂ ಆಗುವುದಿಲ್ಲ ಎಂದು ಹಲವರು ಹೇಳಿದರು. ಆದರೆ ನೀರು ಬಾಗಿಲಿನಿಂದ ಬರದಿದ್ದರೆ ಕಿಟಕಿಯಿಂದ ಬರುತ್ತದೆ. ಅಮೆರಿಕದಲ್ಲಿ ಹಣದ ತುರ್ತು ಬಿದ್ದ ವಿದೇಶಿ ಹೂಡಿಕೆ ಸಂಸ್ಥೆಗಳು ಇಲ್ಲಿನ ಷೇರುಗಳನ್ನು ಮಾರಿ ಹಣ ಒಯ್ದವು. 2008ರ ಒಂದೇ ವರ್ಷದಲ್ಲಿ ಹೋದದ್ದು 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಆ ವರ್ಷದ ಆರಂಭದಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 50 ದಾಟಿತು. ಅಕ್ಟೋಬರ್‌ನಿಂದ ರಫ್ತು ಕುಸಿಯತೊಡಗಿ ಒಂದು ವರ್ಷ ಹಾಗೇ ಇತ್ತು. ಸೂರತ್‌ನ ವಜ್ರ ಹೊಳಪಿಸುವವರು, ತಿರುಪ್ಪೂರು ಮತ್ತು ಬೆಂಗಳೂರಿನ ಗಾರ್ಮೆಂಟ್ಸ್‌ನವರು ಕೆಲಸ ಕಳೆದುಕೊಂಡರು. ಇವರಲ್ಲಿ ಯಾರೂ ಅಮೆರಿಕದಲ್ಲಿ ಮನೆ ಸಾಲ ಮಾಡಿದವರಲ್ಲ.

ರಿಸರ್ವ್ ಬ್ಯಾಂಕಿಗೆ ಡಿ. ಸುಬ್ಬರಾವ್ ಗವರ್ನರ್ ಆಗಿ ಬಂದದ್ದು 2008ರ ಸೆಪ್ಟೆಂಬರ್ 5ರಂದು. ಹತ್ತು ದಿನಕ್ಕೆ ಲೀಮನ್ ಬಿತ್ತು. ಹೊಸದಾಗಿ ಸೇರಿದ ಕೆಲಸದಲ್ಲಿ ಇಂಥ ಮೊದಲ ತಿಂಗಳು ಯಾರಿಗೂ ಬೇಡ. ಅಕ್ಟೋಬರ್‌ನಲ್ಲಿ ಶೇ. 9 ಇದ್ದ ರೆಪೊ ದರ 2009ರ ಏಪ್ರಿಲ್ ಹೊತ್ತಿಗೆ ಶೇ. 4.75ಕ್ಕೆ ಇಳಿಯಿತು. ಸಿಆರ್‌ಆರ್ ಶೇ. 9ರಿಂದ ಶೇ. 5ಕ್ಕೆ ಬಂತು. ನಮ್ಮ ಪಠ್ಯದಲ್ಲಿ ಸಿಆರ್‌ಆರ್ ಎಂದರೆ ಎರಡು ಅಂಕದ ಪ್ರಶ್ನೆ. ಆದರೆ ಅದನ್ನು ಇಳಿಸಿದಾಗ ಬ್ಯಾಂಕುಗಳಲ್ಲಿ ಕಟ್ಟಿಹಾಕಿದ್ದ ಲಕ್ಷಾಂತರ ಕೋಟಿ ಬಿಡುಗಡೆಯಾಗುತ್ತದೆ ಎನ್ನುವುದು ಈ ಸೆಮಿನಾರ್ ಮಾಡಿದ ಮೇಲೆ ನನ್ನ ತಲೆಗೆ ಹೋಯಿತು. ಸರ್ಕಾರವೂ ಎಕ್ಸೈಸ್ ಸುಂಕ ಇಳಿಸಿತು, ಖರ್ಚು ಹೆಚ್ಚಿಸಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. "ಆರ್ಥಿಕತೆ ಚೇತರಿಸಿಕೊಂಡಿತು" ಎಂದು ಪತ್ರಿಕೆಯಲ್ಲಿ ಓದಿದಾಗ ಅದು ಒಂದೇ ಘಟನೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಮೊದಲು ಷೇರುಪೇಟೆ ಏಳುತ್ತದೆ. ಆಮೇಲೆ ಉತ್ಪಾದನೆ, ಅಂದರೆ ಜಿಡಿಪಿ. ಎಲ್ಲಕ್ಕಿಂತ ಕೊನೆಗೆ ಕೆಲಸ ಮತ್ತು ಸಂಬಳ. ಇವುಗಳ ನಡುವಿನ ಅಂತರ ತಿಂಗಳುಗಳದ್ದಿರಬಹುದು, ವರ್ಷಗಳದ್ದೂ ಇರಬಹುದು.

ಅಮೆರಿಕವನ್ನೇ ನೋಡಿ. ಎಸ್ ಆಂಡ್ ಪಿ 500 ಸೂಚ್ಯಂಕ ತಳ ಮುಟ್ಟಿದ್ದು 2009ರ ಮಾರ್ಚ್ 9ರಂದು, ಆಗಲೇ ಏರತೊಡಗಿತು. ಹಿಂಜರಿತ ಅಧಿಕೃತವಾಗಿ ಮುಗಿದದ್ದು 2009ರ ಜೂನ್‌ನಲ್ಲಿ. ಮುಗಿಯಿತು ಎಂದು ಅಲ್ಲಿನ ಸಂಸ್ಥೆ ಘೋಷಿಸಿದ್ದು ಮಾತ್ರ 2010ರ ಸೆಪ್ಟೆಂಬರ್‌ನಲ್ಲಿ. ಆದರೆ ನಿರುದ್ಯೋಗ? ಹಿಂಜರಿತ "ಮುಗಿದ" ಮೇಲೂ ಏರಿ 2009ರ ಅಕ್ಟೋಬರ್‌ನಲ್ಲಿ ಶೇ. 10 ಮುಟ್ಟಿತು. ಬಿಕ್ಕಟ್ಟಿನ ಮೊದಲು ಇದ್ದ ಶೇ. 5ಕ್ಕೆ ಮರಳಲು 2015 ಆಗಬೇಕಾಯಿತು. ಕಳೆದುಹೋದ 80 ಲಕ್ಷಕ್ಕೂ ಹೆಚ್ಚು ಕೆಲಸಗಳು ಸಂಖ್ಯೆಯಲ್ಲಿ ಮರಳಿ ಬಂದದ್ದು 2014ರಲ್ಲಿ. ಷೇರುಪೇಟೆ ತನ್ನ ಹಳೆಯ ಶಿಖರವನ್ನು ಅದಕ್ಕಿಂತ ಒಂದು ವರ್ಷ ಮೊದಲೇ ದಾಟಿಯಾಗಿತ್ತು.

ಯಾಕೆ ಹೀಗೆ? ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಲೆಕ್ಕ ಹಾಕುವಾಗ ಕಳೆದ ಮೂರು, ನಾಲ್ಕು ವರ್ಷದ ಲಾಭದ ಸರಾಸರಿ ತೆಗೆಯುತ್ತೇವೆ. ಷೇರುಪೇಟೆ ಹಿಂದೆ ನೋಡುವುದಿಲ್ಲ. ಮುಂದಿನ ವರ್ಷಗಳಲ್ಲಿ ಈ ಕಂಪನಿ ಎಷ್ಟು ಗಳಿಸಬಹುದು ಎಂದು ಇಂದೇ ಊಹಿಸಿ ಬೆಲೆ ಕಟ್ಟುತ್ತದೆ. ಪರಿಸ್ಥಿತಿ ಒಳ್ಳೆಯದಾಗಬೇಕಿಲ್ಲ, ಇನ್ನಷ್ಟು ಕೆಡುವುದಿಲ್ಲ ಎನಿಸಿದರೆ ಸಾಕು, ಬೆಲೆ ಏರುತ್ತದೆ. ಕಾರ್ಖಾನೆಯ ಮಾಲೀಕನ ಲೆಕ್ಕ ಬೇರೆ. ಒಂದು ಹೊಸ ಆರ್ಡರ್ ಬಂದ ಕೂಡಲೇ ಅವನು ಹಳೆಯ ಕೆಲಸಗಾರರನ್ನು ವಾಪಸು ಕರೆಯುವುದಿಲ್ಲ. ಮೊದಲು ಗೋದಾಮಿನ ಸರಕು ಖಾಲಿ ಮಾಡುತ್ತಾನೆ. ಆಮೇಲೆ ಇರುವವರಿಂದಲೇ ಓವರ್‌ಟೈಮ್ ಮಾಡಿಸುತ್ತಾನೆ. ಆಮೇಲೆ ತಾತ್ಕಾಲಿಕ ಕೆಲಸಗಾರರು. ಬೇಡಿಕೆ ನಿಲ್ಲುತ್ತದೆ ಎಂದು ಖಾತ್ರಿಯಾದ ಮೇಲೆ ಖಾಯಂ ನೇಮಕ. ಇದರಲ್ಲಿ ಅವನ ತಪ್ಪೇನೂ ಇಲ್ಲ, ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಆದರೆ ಟಿವಿಯಲ್ಲಿ ಕಾಣುವುದು ಮೊದಲ ಮೆಟ್ಟಿಲು, ಮನೆಗೆ ಬರುವುದು ಕೊನೆಯ ಮೆಟ್ಟಿಲು.

ನಮ್ಮ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿತ್ತು. 2009ರ ಮಾರ್ಚ್ 9ರಂದು 8,160ಕ್ಕೆ ಬಂದು ನಿಂತಿತು. ಸುಮಾರು ಶೇ. 60 ಕುಸಿತ. (ಇಲ್ಲೊಂದು ಲೆಕ್ಕದ ಮೋಸವಿದೆ, ಕಾಮರ್ಸ್ ವಿದ್ಯಾರ್ಥಿಗಳು ಗಮನಿಸಿ: ಶೇ. 60 ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಬೇಕಾದರೆ ಶೇ. 60 ಏರಿದರೆ ಸಾಲದು, ಶೇ. 150 ಏರಬೇಕು. 100 ರೂಪಾಯಿ ಇಟ್ಟುಕೊಂಡು ನೀವೇ ಮಾಡಿ ನೋಡಿ.) ಆ ವರ್ಷ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ನಂತರದ ಸೋಮವಾರ, ಮೇ 18ರಂದು, ಸೆನ್ಸೆಕ್ಸ್ ಒಂದೇ ದಿನ 2,110 ಅಂಶ ಏರಿತು. ಮೇಲಿನ ಮಿತಿ ಮುಟ್ಟಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. 2010ರ ದೀಪಾವಳಿ ಹೊತ್ತಿಗೆ ಮತ್ತೆ 21 ಸಾವಿರ.

ಅಬ್ಬಾ ದುಬೈನಿಂದ ಬಂದದ್ದು ಅದೇ 2009ರ ಮಾರ್ಚ್‌ನಲ್ಲಿ. ನನಗೆ ಒಂದು ವರ್ಷ, ಭಾಯಿಜಾನ್‌ಗೆ ಆರು.

ದುಬೈನಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಅಲ್ಲಿ ಫ್ಲಾಟುಗಳು ಕಟ್ಟುವ ಮೊದಲೇ ಮಾರಾಟವಾಗುತ್ತಿದ್ದವು. ಕೊಂಡವನು ಒಂದೆರಡು ಕಂತು ಕಟ್ಟಿ, ಬೆಲೆ ಏರಿದಾಗ ಇನ್ನೊಬ್ಬನಿಗೆ ಮಾರುತ್ತಿದ್ದ. ಆ ಕಂತಿನ ಹಣದಲ್ಲಿ ಬಿಲ್ಡರ್ ಕಂಟ್ರಾಕ್ಟರ್‌ಗೆ ಕೊಡುತ್ತಿದ್ದ, ಕಂಟ್ರಾಕ್ಟರ್ ಸಬ್‌ಕಾಂಟ್ರಾಕ್ಟರ್‌ಗೆ, ಅವನು ಕೆಲಸಗಾರನಿಗೆ. ಅಬ್ಬಾ ಇದ್ದದ್ದು ಈ ಸರಪಳಿಯ ತುದಿಯಲ್ಲಿ, ಒಂದು ಸಬ್‌ಕಾಂಟ್ರಾಕ್ಟ್ ಕಂಪನಿಯಲ್ಲಿ. ಬ್ಯಾಂಕುಗಳು ಸಾಲ ನಿಲ್ಲಿಸಿದಾಗ ಮೊದಲು ಕೊಳ್ಳುವವನು ಓಡಿಹೋದ. ಮುಂದಿನ ಕೆಲವೇ ವರ್ಷಗಳಲ್ಲಿ ಮನೆಗಳ ಬೆಲೆ ಅರ್ಧದಷ್ಟಾಯಿತು. 2008ರ ಅಕ್ಟೋಬರ್‌ನಲ್ಲಿ ನಖೀಲ್ ಸಂಸ್ಥೆ ಒಂದು ಕಿಲೋಮೀಟರ್ ಎತ್ತರದ ಗೋಪುರ ಕಟ್ಟುತ್ತೇವೆ ಎಂದು ಘೋಷಿಸಿತ್ತು. ಮೂರೇ ತಿಂಗಳಲ್ಲಿ, ಜನವರಿಯಲ್ಲಿ, ಅದನ್ನು ತಡೆಹಿಡಿಯಿತು. ಅಬ್ಬಾ ಕೆಲಸ ಮಾಡುತ್ತಿದ್ದ ಕಟ್ಟಡ ಅಷ್ಟು ದೊಡ್ಡದಲ್ಲ, ಇಪ್ಪತ್ತೆರಡು ಮಹಡಿಯದು. ಹದಿನೆಂಟನೇ ಮಹಡಿಯವರೆಗೆ ಎಸಿ ಡಕ್ಟ್ ಹಾಕಿಯಾಗಿತ್ತಂತೆ. ಕಂಪನಿಯವರು ಟಿಕೆಟ್ ಕೊಟ್ಟು, "ಎರಡು ಮೂರು ತಿಂಗಳ ರಜೆ ಎಂದುಕೊಳ್ಳಿ, ಕೆಲಸ ಶುರುವಾದ ಕೂಡಲೇ ಕರೆಯುತ್ತೇವೆ, ಬಾಕಿ ಸಂಬಳ ಆಗ ಸೇರಿಸಿ ಕೊಡುತ್ತೇವೆ" ಎಂದರು. ಬಾಕಿ ಇದ್ದದ್ದು ಮೂರು ತಿಂಗಳದ್ದು.

ಮೇ ತಿಂಗಳಲ್ಲಿ ಸೆನ್ಸೆಕ್ಸ್ ಹಾರಿದ ಸುದ್ದಿಯನ್ನು ಮಾಮು ಪತ್ರಿಕೆಯಲ್ಲಿ ಓದಿ ಹೇಳಿದರು. ಮಂದಿ ಮುಗಿಯಿತು, ಇನ್ನು ದುಬೈನವರು ಕರೆಯುತ್ತಾರೆ ಎಂದು ಮನೆಯವರೆಲ್ಲ ನಂಬಿದರು. ಅದೇ ವಾರ ಊರಿನ ಒಂದು ಫ್ರಿಡ್ಜ್ ರಿಪೇರಿ ಅಂಗಡಿಯವರು ತಿಂಗಳಿಗೆ ಆರು ಸಾವಿರಕ್ಕೆ ಅಬ್ಬಾನನ್ನು ಕೆಲಸಕ್ಕೆ ಕರೆದಿದ್ದರು. ಎರಡು ತಿಂಗಳಿಗೋಸ್ಕರ ಯಾಕೆ ಸೇರುವುದು, ಮಧ್ಯದಲ್ಲಿ ಬಿಟ್ಟರೆ ಅವರಿಗೂ ತೊಂದರೆ ಎಂದು ಅಬ್ಬಾ ಒಪ್ಪಲಿಲ್ಲ. ಸೆನ್ಸೆಕ್ಸ್ ಮುಂಬೈನದು, ಕೆಲಸ ದುಬೈನದು, ಎರಡಕ್ಕೂ ಸಂಬಂಧವೇನು ಎಂದು ಈಗ ಕೇಳುವುದು ಸುಲಭ. ಆಗ ಟಿವಿಯಲ್ಲಿ ಬರುತ್ತಿದ್ದ ಎಲ್ಲ ಬಾಣಗಳೂ ಮೇಲ್ಮುಖವಾಗಿದ್ದವು.

ನವೆಂಬರ್ 25ರಂದು, ಬಕ್ರೀದ್‌ಗೆ ಎರಡೇ ದಿನ ಇರುವಾಗ, ದುಬೈ ಸರ್ಕಾರದ ದುಬೈ ವರ್ಲ್ಡ್ ಸಂಸ್ಥೆ ತನ್ನ ಸುಮಾರು 26 ಬಿಲಿಯನ್ ಡಾಲರ್ ಸಾಲದ ಮರುಪಾವತಿಯನ್ನು ಆರು ತಿಂಗಳು ಮುಂದೂಡಲು ಕೇಳಿತು. ಜಗತ್ತಿನ ಪೇಟೆಗಳು ಮತ್ತೆ ನಡುಗಿದವು. ಕಂಪನಿಯ ಫೋನ್ ಆ ನಂತರ ಯಾರೂ ಎತ್ತಲಿಲ್ಲ. ಅಮ್ಮಿಯ ಬಳೆಗಳು ಮಾರಾಟವಾದದ್ದು ಆ ಡಿಸೆಂಬರ್‌ನಲ್ಲಿ, ಭಾಯಿಜಾನ್‌ನ ಶಾಲೆ ಫೀಸ್ ಮತ್ತು ಅಂಗಡಿಯ ಸಾಲ ತೀರಿಸಲು. ಬಿಕ್ಕಟ್ಟಿನ ಕಾಲದಲ್ಲಿ ಜನ ಷೇರು ಬಿಟ್ಟು ಚಿನ್ನಕ್ಕೆ ಓಡುತ್ತಾರೆ ಎಂದು ನಾನು ಸೆಮಿನಾರ್‌ನಲ್ಲಿ ಒಂದು ಸಾಲು ಹೇಳಿದ್ದೆ. 2009ರಲ್ಲಿ 10 ಗ್ರಾಂ ಚಿನ್ನ ಸುಮಾರು 15 ಸಾವಿರ ರೂಪಾಯಿ ಇತ್ತು, 2011ರಲ್ಲಿ 25 ಸಾವಿರ ದಾಟಿತು. ಜಗತ್ತೆಲ್ಲ ಕೊಳ್ಳುತ್ತಿದ್ದಾಗ ನಾವು ಮಾರಿದೆವು. ಇದನ್ನು ಅಮ್ಮಿಯ ಮುಂದೆ ಓದಿ ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು.

ಒಟ್ಟು ಲೆಕ್ಕದಲ್ಲಿ ಮಾತ್ರ ಏನೂ ಆಗಲಿಲ್ಲ. ವಿದೇಶದಲ್ಲಿರುವ ಭಾರತೀಯರು ಮನೆಗೆ ಕಳಿಸಿದ ಹಣ 2008ರಲ್ಲಿ ಸುಮಾರು 50 ಬಿಲಿಯನ್ ಡಾಲರ್, 2009ರಲ್ಲಿ 49 ಬಿಲಿಯನ್ ಎಂದು ವಿಶ್ವ ಬ್ಯಾಂಕಿನ ಅಂಕಿ. ಇಷ್ಟು ಸ್ಥಿರವಾಗಿತ್ತಲ್ಲ ಎಂದು ತಜ್ಞರೇ ಆಶ್ಚರ್ಯಪಟ್ಟಿದ್ದರು. ರೂಪಾಯಿ ಬಿದ್ದದ್ದರಿಂದ ಅಲ್ಲಿ ಉಳಿದವರು ಹೆಚ್ಚು ಕಳಿಸಿರಬಹುದು. 50 ಮತ್ತು 49ರ ನಡುವೆ ಇರುವ ಆ ಒಂದರೊಳಗೆ ಎಷ್ಟು ಮನೆಗಳಿವೆ ಎಂಬುದು ಆ ಕೋಷ್ಟಕದಲ್ಲಿ ಕಾಣುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋಗಲಾರೆ. ಸೆಮಿನಾರ್ ಮುಗಿದ ಮೇಲೆ ಒಬ್ಬ ಸಹಪಾಠಿ ಕೇಳಿದ: ಇದೆಲ್ಲ ಸೂದ್‌ನಿಂದ, ಬಡ್ಡಿಯಿಂದ ಬಂದದ್ದಲ್ಲವೇ, ಬಡ್ಡಿ ಇಲ್ಲದಿದ್ದರೆ ಬಿಕ್ಕಟ್ಟೇ ಇರುತ್ತಿರಲಿಲ್ಲ ಅಲ್ಲವೇ? ನಮ್ಮ ನಾನಾ ಕೂಡ ಹೀಗೇ ಹೇಳುತ್ತಾರೆ. ಅದರಲ್ಲಿ ನಿಜವಿದೆ. ತನ್ನ ಬಳಿ ಇಲ್ಲದ ವಸ್ತುವನ್ನು ಮಾರಬಾರದು, ಲಾಭ ಬೇಕಾದವನು ನಷ್ಟದಲ್ಲೂ ಪಾಲು ಹೊರಬೇಕು ಎಂಬ ನಿಯಮವನ್ನು ಪಾಲಿಸಿದ್ದರೆ ಸಾಲದ ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವ ಆಟ ಅಷ್ಟು ದೂರ ಹೋಗುತ್ತಿರಲಿಲ್ಲ. ಆದರೆ ದುಬೈ ವರ್ಲ್ಡ್ ಸಾಲ ಮುಂದೂಡಲು ಕೇಳಿದಾಗ ಎಲ್ಲರ ಕಣ್ಣು ಇದ್ದದ್ದು ಅದರ ಅಂಗಸಂಸ್ಥೆ ನಖೀಲ್ ಹೊರಡಿಸಿದ್ದ ಸುಕೂಕ್ ಮೇಲೆ. ಸುಕೂಕ್ ಎಂದರೆ ಬಡ್ಡಿಯ ಬಾಂಡ್ ಅಲ್ಲ, ಆಸ್ತಿಯ ಬಾಡಿಗೆಯಲ್ಲಿ ಪಾಲು ಕೊಡುವ ಪತ್ರ. ಕಾಗದದಲ್ಲಿ ಬಡ್ಡಿ ಇರಲಿಲ್ಲ. ಆದರೆ ಆ ಆಸ್ತಿ ನಿಂತದ್ದು ಜಮೀನಿನ ಬೆಲೆ ಏರುತ್ತಲೇ ಇರುತ್ತದೆ ಎಂಬ ಅದೇ ನಂಬಿಕೆಯ ಮೇಲೆ. ಡಿಸೆಂಬರ್ 14ರಂದು, ಹಣ ಕೊಡಬೇಕಾದ ದಿನವೇ, ಅಬುಧಾಬಿ 10 ಬಿಲಿಯನ್ ಡಾಲರ್ ನೆರವು ಘೋಷಿಸಿತು. ಅದರಲ್ಲಿ 4.1 ಬಿಲಿಯನ್ ಈ ಸುಕೂಕ್ ತೀರಿಸಲು ಹೋಯಿತು. ಮೂರು ವಾರದ ನಂತರ ಉದ್ಘಾಟನೆಯಾದ ಬುರ್ಜ್ ದುಬೈಗೆ ಅಬುಧಾಬಿಯ ದೊರೆಯ ಹೆಸರು ಬಂದು ಬುರ್ಜ್ ಖಲೀಫಾ ಆಯಿತು. ಸಹಪಾಠಿಗೆ ನಾನು ಹೇಳಿದ್ದು ಇಷ್ಟೇ: ನಿಯಮ ಒಳ್ಳೆಯದು, ಆದರೆ ಪತ್ರದ ಹೆಸರು ಅರಬಿಯಲ್ಲಿದ್ದ ಮಾತ್ರಕ್ಕೆ ಒಳಗಿನ ಲೆಕ್ಕ ಸರಿ ಎಂದು ಅರ್ಥವಲ್ಲ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಚರ್ಚೆ ಇನ್ನೂ ನಡೆಯುತ್ತಿದೆ.

ಚೇತರಿಕೆಯ ಆಕಾರವನ್ನು ಅರ್ಥಶಾಸ್ತ್ರಜ್ಞರು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುತ್ತಾರೆ. ಬಿದ್ದಷ್ಟೇ ವೇಗವಾಗಿ ಎದ್ದರೆ ವಿ. ತಳದಲ್ಲಿ ಸ್ವಲ್ಪ ಕಾಲ ಕುಳಿತರೆ ಯು. ಎದ್ದು ಮತ್ತೆ ಬಿದ್ದು ಎದ್ದರೆ ಡಬ್ಲ್ಯು. ಏಳದೆ ಹಾಗೇ ಮಲಗಿದರೆ ಎಲ್. ಭಾರತ, ಚೀನಾಗಳದ್ದು ವಿ ಎಂದರು. ಚೀನಾ ಸರ್ಕಾರ 4 ಟ್ರಿಲಿಯನ್ ಯುವಾನ್ ಖರ್ಚಿನ ಯೋಜನೆ ಘೋಷಿಸಿತ್ತು. ಯೂರೋಪಿನದ್ದು ಡಬ್ಲ್ಯು, 2011ರಲ್ಲಿ ಅಲ್ಲಿ ಎರಡನೇ ಹಿಂಜರಿತ ಬಂತು. ಗ್ರೀಸ್‌ನದ್ದು ಎಲ್, ಆ ದೇಶದ ಆರ್ಥಿಕತೆ ಕಾಲು ಭಾಗದಷ್ಟು ಕುಗ್ಗಿತು, 2013ರಲ್ಲಿ ನಿರುದ್ಯೋಗ ಶೇ. 27 ದಾಟಿತು. ನಮ್ಮ ವಿ ಕೂಡ ಉಚಿತವಾಗಿ ಬರಲಿಲ್ಲ. ಸುಲಭ ಸಾಲ ಮತ್ತು ಸರ್ಕಾರಿ ಖರ್ಚಿನ ಬಿಲ್ಲು ನಿಧಾನವಾಗಿ ಬಂತು. ಮೊದಲು ಬೆಲೆ ಏರಿಕೆ. ಆಮೇಲೆ, ಆ ಉತ್ಸಾಹದ ವರ್ಷಗಳಲ್ಲಿ ಕೊಟ್ಟ ದೊಡ್ಡ ಸಾಲಗಳು ಕೆಟ್ಟು, 2018ರ ಮಾರ್ಚ್‌ನಲ್ಲಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇ. 11ಕ್ಕೂ ಹೆಚ್ಚು ಎನ್‌ಪಿಎ ಆಗಿತ್ತು. ಹತ್ತು ವರ್ಷದ ಹಿಂದಿನ ಮುನ್ನೋಟದಲ್ಲಿ ಈ ಬಿಲ್ಲನ್ನು ಯಾರೂ ತೋರಿಸಿರಲಿಲ್ಲ.

ಕೋವಿಡ್ ಕಾಲದಲ್ಲಿ ಕ್ರಮ ಇದೇ ಇತ್ತು, ಇನ್ನೂ ವೇಗವಾಗಿ. 2020ರ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಹೋದ ಸೆನ್ಸೆಕ್ಸ್ ಹತ್ತೇ ತಿಂಗಳಲ್ಲಿ 50 ಸಾವಿರ ಮುಟ್ಟಿತು. ಅದೇ ಆರ್ಥಿಕ ವರ್ಷದಲ್ಲಿ ಜಿಡಿಪಿ ಸುಮಾರು ಶೇ. 6 ಕುಸಿದಿತ್ತು. ಆಗ ನಾನು ಆರನೇ ತರಗತಿ. ಅಬ್ಬಾನ ಅಂಗಡಿಯ ಶಟರ್ ಎಷ್ಟು ದಿನ ಮುಚ್ಚಿತ್ತು ಎನ್ನುವುದು ನನಗೇ ನೆನಪಿದೆ.

ಆ ಅಂಗಡಿ ತೆರೆದದ್ದು 2011ರಲ್ಲಿ. ಮೊದಲೇ ಸೇರಿದ್ದರೆ ಎರಡು ವರ್ಷದ ಸಂಬಳ ಉಳಿಯುತ್ತಿತ್ತು ಎಂದು ಅಬ್ಬಾ ಸಿಟ್ಟಿಲ್ಲದೆ ಹೇಳುತ್ತಾರೆ. ಅವರಿಗೆ ಬೇಸರವಿರುವುದು ಕಾದದ್ದಕ್ಕಲ್ಲ, ಯಾವುದನ್ನು ನೋಡಿ ಕಾದೆ ಎಂಬುದಕ್ಕೆ.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಭಾಯಿಜಾನ್ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ, ಅವನಿಗೆ ಗಲ್ಫ್‌ನಿಂದ ಒಂದು ಆಫರ್ ಬಂದಿದೆ. ಇಲ್ಲಿಯೂ ಒಂದು ಕೆಲಸ ಸಿಗುವಂತಿದೆ, ಸಂಬಳ ಕಡಿಮೆ. ಅಬ್ಬಾ ನನ್ನನ್ನು ಕೂರಿಸಿ, ನೀನು ಕಾಮರ್ಸ್ ಓದುತ್ತೀಯಲ್ಲ, ಮುಂದೆ ಪೇಟೆ ಹೇಗಿರುತ್ತದೆ ಹೇಳು ಎಂದರು. ದುಬೈನಲ್ಲಿ ಮತ್ತೆ ಗೋಪುರಗಳು ಏಳುತ್ತಿವೆ. ಐಎಂಎಫ್‌ಗೇ ಆರು ತಿಂಗಳಲ್ಲಿ ನಾಲ್ಕು ಸಲ ಅಂದಾಜು ಬದಲಾಯಿಸಬೇಕಾಯಿತು, ನಾನು ಏನು ಹೇಳಲಿ? ಪೇಟೆಯ ವಿಷಯ ಬಿಟ್ಟು ಸರಪಳಿಯ ವಿಷಯ ಕೇಳೋಣ ಎಂದೆ. ಆ ಕಂಪನಿ ಮುಖ್ಯ ಕಂಟ್ರಾಕ್ಟರೋ, ಸಬ್‌ಕಾಂಟ್ರಾಕ್ಟರೋ? ಕಟ್ಟಡಕ್ಕೆ ಹಣ ಬರುವುದು ಕೊಳ್ಳುವವರ ಕಂತಿನಿಂದಲೋ, ಮಾಲೀಕನ ಕೈಯಿಂದಲೋ? ಕೆಲಸ ಮಧ್ಯೆ ನಿಂತರೆ ಬಾಕಿ ಸಂಬಳ ಮತ್ತು ವಾಪಸಿನ ಟಿಕೆಟ್ ಯಾರ ಜವಾಬ್ದಾರಿ? ಯುಎಇಯಲ್ಲಿ 2009ರಲ್ಲೇ, ಆ ಬಿಕ್ಕಟ್ಟಿನ ನಡುವೆ, ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡಬೇಕೆಂಬ ವ್ಯವಸ್ಥೆ ತಂದರು. ಅಲ್ಲಿ ಹಣ ಬಾಕಿ ಉಳಿದರೆ ಸರ್ಕಾರಕ್ಕೆ ಗೊತ್ತಾಗುತ್ತದೆ. ಅದರಡಿ ಕಂಪನಿ ನೋಂದಾಯಿಸಿದೆಯೇ ಎಂಬುದನ್ನೂ ಸೇರಿಸಿದೆವು.

ನಾನೂ ಭಾಯಿಜಾನ್ ಸೇರಿ ಆಫರ್ ಲೆಟರ್‌ನ ನಾಲ್ಕೂ ಪುಟ ಓದಿದೆವು. ಸಂಬಳ, ವಸತಿ, ಊಟ, ರಜೆ ಎಲ್ಲ ಬರೆದಿದೆ. ಕೆಲಸ ಮಧ್ಯೆ ನಿಂತರೆ ಏನು ಎಂದು ಎಲ್ಲಿಯೂ ಇಲ್ಲ. ಅದನ್ನು ಕೇಳಿ ಕಳೆದ ಮಂಗಳವಾರ ಮೇಲ್ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಈ ಸಲ ಉತ್ತರ ಬರುವವರೆಗೆ ಸುಮ್ಮನೆ ಕೂರುವುದು ಬೇಡ ಎಂದು ಅಬ್ಬಾ ಹೇಳಿದ್ದರಿಂದ ಭಾಯಿಜಾನ್ ಇಲ್ಲಿನ ಕೆಲಸಕ್ಕೆ ಸೋಮವಾರದಿಂದ ಹೋಗುತ್ತಿದ್ದಾನೆ.